ಲೆವೆಲ್ ಮುಗಿಯಿತು, ಕಥೆಯೂ ಮುಗಿಯಿತು. ಮುಂದಿನ ಬಾಗಿಲು ಎಲ್ಲಿದೆ?

ಪ್ರಶ್ನೆ: ನಾಲ್ಕು ತಿಂಗಳಿಂದ ಒಂದು ಆನ್‌ಲೈನ್ ಆಟ ಆಡುತ್ತಿದ್ದೇನೆ. ಕಳೆದ ವಾರ ಕೊನೆಯ ಲೆವೆಲ್ ಮುಟ್ಟಿದೆ, ಮುಖ್ಯ ಕಥೆಯೂ ಮುಗಿಯಿತು. ಇಲ್ಲಿವರೆಗೆ ಆಟವೇ ಬಾಣದ ಗುರುತು ತೋರಿಸಿ ಕರೆದುಕೊಂಡು ಬಂತು. ಈಗ ಏನು ಮಾಡಬೇಕು ಅಂತಲೇ ಗೊತ್ತಾಗುತ್ತಿಲ್ಲ. ಚಾಟ್‌ನಲ್ಲಿ ಎಲ್ಲರೂ ರೇಡ್, ವೀಕ್ಲಿ, ಪ್ರೋಗ್ ಅಂತ ಏನೇನೋ ಮಾತಾಡುತ್ತಿರುತ್ತಾರೆ. 'ನಿಜವಾದ ಆಟ ಶುರುವಾಗೋದೇ ಈಗ' ಅನ್ನುತ್ತಾರೆ. ಎಲ್ಲಿ ಶುರುವಾಗುತ್ತದೆ ಅಂತ ಮಾತ್ರ ಯಾರೂ ಹೇಳುವುದಿಲ್ಲ. ಗೆಳೆಯ 'ವಿಡಿಯೊ ನೋಡು' ಅನ್ನುತ್ತಾನೆ. ಎಲ್ಲ ಮೊದಲೇ ನೋಡಿಬಿಟ್ಟರೆ ಆಡುವುದರಲ್ಲಿ ಏನು ಮಜಾ ಇರುತ್ತದೆ? ಇದನ್ನೆಲ್ಲ ಹುಡುಕುವುದು ಹೇಗೆ? ನಾನು ತುಂಬಾ ತಡವಾಗಿ ಬಂದೆನಾ?

ಉತ್ತರ: ಯಾವ ಆಟ ಅಂತ ನೀವು ಬರೆದಿಲ್ಲ. ಪರವಾಗಿಲ್ಲ, ಈ ತೊಂದರೆ ಹೆಚ್ಚುಕಡಿಮೆ ಎಲ್ಲ ಆಟಗಳಲ್ಲೂ ಇದೆ. ಕೊನೆಯ ಲೆವೆಲ್‌ವರೆಗೆ ಮಗುವನ್ನು ನಡೆಸಿದ ಹಾಗೆ ಕೈಹಿಡಿದು ನಡೆಸುತ್ತವೆ, ಆಮೇಲೆ ನಡುನೀರಿನಲ್ಲಿ ಕೈಬಿಡುತ್ತವೆ. ನಿಮ್ಮ ತಪ್ಪೇನೂ ಇಲ್ಲ.

ಯಾಕೆ ಹೀಗಾಗುತ್ತದೆ ಅಂತ ತಿಳಿದರೆ ಎಲ್ಲಿ ಹುಡುಕಬೇಕು ಅನ್ನುವುದು ಅರ್ಧ ತಿಳಿದ ಹಾಗೆ. ಲೆವೆಲ್ ಏರುವುದಕ್ಕೆ ಇರುವುದು ಒಂದೇ ದಾರಿ. 30ನೇ ಲೆವೆಲ್‌ನಲ್ಲಿ ಯಾರೇ ಇರಲಿ, 29 ದಾಟಿಯೇ ಬಂದಿರುತ್ತಾರೆ. ಹಾಗಾಗಿ ಆಟ ಮಾಡುವವರಿಗೆ ಬಾಣದ ಗುರುತು ಹಾಕುವುದು ಸುಲಭ. ಎಂಡ್‌ಗೇಮ್, ಅಂದರೆ ಕೊನೆಯ ಲೆವೆಲ್ ಮುಟ್ಟಿದ ಮೇಲಿನ ಆಟ, ಹಾಗೆ ಒಂದೇ ಏಟಿಗೆ ಕಟ್ಟಿದ್ದಲ್ಲ. ಹಳೇ ಮನೆಗೆ ವರ್ಷಕ್ಕೊಂದು ಕೋಣೆ ಸೇರಿಸುತ್ತಾ ಹೋದ ಹಾಗೆ ಬೆಳೆದದ್ದು. ಒಂದು ಅಪ್‌ಡೇಟ್‌ನಲ್ಲಿ ರೇಡ್ (ದೊಡ್ಡ ಗುಂಪು ಕಟ್ಟಿಕೊಂಡು ಆಡುವ ಕಾಳಗ) ಬಂತು, ಮುಂದಿನದರಲ್ಲಿ ಹೊಸ ಥರದ ಡಂಜನ್ (ಸಣ್ಣ ಗುಂಪು ನುಗ್ಗುವ ಶತ್ರುಗಳ ಜಾಗ), ಅದರ ಮುಂದಿನದರಲ್ಲಿ ಇನ್ನೊಂದು ಬಗೆಯ ನಾಣ್ಯ. ಪ್ರತಿ ಕೋಣೆಗೂ ಬೇರೆ ಬಾಗಿಲು, ಬೇರೆ ಬೀಗ. ಆ ಕೋಣೆ ತೆರೆದ ದಿನ ಆಡುತ್ತಿದ್ದವರಿಗೆ ಯಾರೂ ದಾರಿ ತೋರಿಸಬೇಕಾಗಿರಲಿಲ್ಲ. ಅವರು ಟ್ರೇಲರ್ ನೋಡಿದ್ದರು, ಪ್ಯಾಚ್ ನೋಟ್ಸ್ (ಅಪ್‌ಡೇಟ್‌ನಲ್ಲಿ ಏನೇನು ಬದಲಾಯಿತು ಅನ್ನುವ ಪಟ್ಟಿ) ಓದಿದ್ದರು, ದಿನ ಎಣಿಸುತ್ತಾ ಕೂತಿದ್ದರು. ನೀವು ಬರುವ ಹೊತ್ತಿಗೆ ಡಂಗುರ ಸಾರಿ ವರ್ಷಗಳೇ ಆಗಿವೆ. ಬಾಗಿಲು ಇದ್ದಲ್ಲೇ ಇದೆ, ಬೋರ್ಡ್ ಮಾತ್ರ ಇಲ್ಲ.

ಹಿಂದೆ ಇದು ಇನ್ನೂ ಕಷ್ಟ ಇತ್ತು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ 2004ರ ನವೆಂಬರ್‌ನಲ್ಲಿ ಬಂದಾಗ ಕೊನೆಯ ಲೆವೆಲ್ 60. 40 ಜನ ಸೇರಿ ಆಡುವ ಮೋಲ್ಟನ್ ಕೋರ್ ಎಂಬ ರೇಡ್ ಅದರಲ್ಲಿತ್ತು. ಅದರ ಬಾಗಿಲು ಎಲ್ಲಿತ್ತು ಗೊತ್ತಾ? ಬ್ಲ್ಯಾಕ್‌ರಾಕ್ ಡೆಪ್ತ್ಸ್ ಅನ್ನುವ ಇನ್ನೊಂದು ಡಂಜನ್‌ನ ತೀರಾ ಒಳಗೆ. ಪ್ರತಿ ಸಲವೂ ಅಷ್ಟು ದೂರ ಹೊಡೆದಾಡಿಕೊಂಡು ಹೋಗುವುದು ಬೇಡ ಅಂದರೆ, ಬ್ಲ್ಯಾಕ್‌ರಾಕ್ ಬೆಟ್ಟದೊಳಗೆ ಆ ಡಂಜನ್‌ನ ಹೊರಗೆ ನಿಂತಿರುವ ಲೋಥೋಸ್ ರಿಫ್ಟ್‌ವೇಕರ್ ಎಂಬ ಪಾತ್ರವನ್ನು ಮಾತಾಡಿಸಬೇಕು. ಅವನು ಒಂದು ಕ್ವೆಸ್ಟ್ ಕೊಡುತ್ತಾನೆ. ಒಂದು ಸಲ ಒಳಗೆ ಹೋಗಿ ರೇಡ್ ಬಾಗಿಲ ಪಕ್ಕದಿಂದ ಒಂದು ಚೂರು ಕಿತ್ತು ತಂದುಕೊಡಬೇಕು. ಆಮೇಲೆ ಅವನೇ ನೇರವಾಗಿ ಒಳಗೆ ಕಳಿಸುತ್ತಾನೆ. ಇಷ್ಟನ್ನು ಒಬ್ಬ ಹೊಸಬ ತಾನಾಗಿಯೇ ಕಂಡುಹಿಡಿಯುವುದು ಕಷ್ಟ. ಕಂಡುಹಿಡಿದರೂ ಜೊತೆಗೆ 39 ಜನ ಬೇಕು. ಹಾಗಾಗಿ ಅದು ಬಾಯಿಂದ ಬಾಯಿಗೆ ಹರಡುವ ಸುದ್ದಿಯಾಗಿತ್ತು. ಗಿಲ್ಡ್, ಅಂದರೆ ಆಟಗಾರರ ಸಂಘ, ಇದ್ದವನಿಗೆ ರೇಡ್ ಇತ್ತು, ಇಲ್ಲದವನಿಗೆ ಅದು ಬರೀ ಕೇಳಿದ ಹೆಸರು.

2009ರ ಡಿಸೆಂಬರ್‌ನಲ್ಲಿ ಅದೇ ಆಟಕ್ಕೆ ಡಂಜನ್ ಫೈಂಡರ್ ಬಂತು, 2011ರ ಕೊನೆಗೆ ರೇಡ್ ಫೈಂಡರ್. ಬಾಗಿಲು ಬೆಟ್ಟದಿಂದ ಎದ್ದು ಬಂದು ಮೆನುವಿನೊಳಗೆ ಕೂತಿತು. ಒಂದು ಬಟನ್ ಒತ್ತಿ ಕಾಯುತ್ತಾ ಕೂತರೆ ಆಟವೇ ಜನ ಕೂಡಿಸುತ್ತದೆ. ಹಳಬರು ಇದನ್ನು ಈಗಲೂ ಬೈಯುತ್ತಾರೆ. ನನಗೇನೋ ಇದು ಒಳ್ಳೆಯದೇ ಅನ್ನಿಸುತ್ತದೆ, ಎಷ್ಟೋ ಜನ ರೇಡ್ ಅಂದರೇನು ಅಂತ ನೋಡಿದ್ದೇ ಇದರಿಂದ. ಆದರೆ ಇದರಲ್ಲಿ ಹೊಸಬರು ಬೀಳುವ ಗುಂಡಿ ಒಂದಿದೆ. ಬಟನ್ ಒತ್ತಿದರೆ ಸಿಗುವುದು ಆ ರೇಡ್‌ನ ತೀರಾ ಸುಲಭದ ಆವೃತ್ತಿ. ಅದರ ಮೇಲೆ ನಾರ್ಮಲ್, ಹೀರೋಯಿಕ್, ಮಿಥಿಕ್ ಅಂತ ಮೆಟ್ಟಿಲುಗಳಿವೆ. ಅವಕ್ಕೆ ಆಟ ತಾನಾಗಿ ಜನ ಹುಡುಕಿಕೊಡುವುದಿಲ್ಲ. ಕೆಳಗಿನ ಮೆಟ್ಟಿಲು ಹತ್ತಿ 'ಇಷ್ಟೇನಾ ರೇಡ್?' ಅಂತ ಆಟ ಬಿಟ್ಟವರನ್ನು ನಾನು ನೋಡಿದ್ದೇನೆ. ಡೆಸ್ಟಿನಿ 2ರಲ್ಲೂ ರೇಡ್‌ಗೆ ಆರು ಜನ ಬೇಕು, ಅವರನ್ನು ನೀವೇ ಕೂಡಿಸಿಕೊಳ್ಳಬೇಕು. ಬಟನ್ ಸಿಗಲಿಲ್ಲ ಅಂದರೆ ಆ ಆಟದಲ್ಲಿ ಮುಂದೆ ಏನೂ ಇಲ್ಲ ಅಂತ ಅಂದುಕೊಳ್ಳಬೇಡಿ.

ಸರಿ, ಬೋರ್ಡ್ ಇಲ್ಲದ ಬಾಗಿಲು ಹುಡುಕುವುದು ಹೇಗೆ? ನಾನು ಹೊಸ ಆಟಕ್ಕೆ ಹೋದಾಗೆಲ್ಲ ಮೊದಲು ನೋಡುವುದು ಒಂದೇ: 'ವಾರಕ್ಕೆ ಇಷ್ಟೇ' ಅಂತ ಎಲ್ಲೆಲ್ಲಿ ಬರೆದಿದೆ ಅಂತ. ಲೆವೆಲ್ ಏರುವಾಗ ಯಾರೂ ನಿಮಗೆ ಮಿತಿ ಹಾಕಿರಲಿಲ್ಲ. ದಿನಕ್ಕೆ ಹತ್ತು ಗಂಟೆ ಹಂದಿ ಹೊಡೆದರೂ ಕೇಳುವವರಿಲ್ಲ. ಯಾವುದಕ್ಕೆ ಬೆಲೆ ಇದೆಯೋ ಅದಕ್ಕೆ ಮಾತ್ರ ಪಡಿತರ ಇರುತ್ತದೆ. ವಾರಕ್ಕೆ ಒಂದೇ ಸಲ ಬಹುಮಾನ ಕೊಡುವ ಬಾಸ್ (ದೊಡ್ಡ ಶತ್ರು), ವಾರಕ್ಕೆ ಇಷ್ಟು ಅಂತ ಗೆರೆ ಎಳೆದ ನಾಣ್ಯ, ಮಂಗಳವಾರ ಮತ್ತೆ ಸೊನ್ನೆಯಿಂದ ಶುರುವಾಗುವ ಪಟ್ಟಿ, ಇವೆಲ್ಲ ಎಂಡ್‌ಗೇಮ್‌ನ ವಿಳಾಸಗಳು. ಚಾಟ್‌ನಲ್ಲಿ ವೀಕ್ಲಿ ಅನ್ನುವುದು ಇವನ್ನೇ. ವಾರ್‌ಕ್ರಾಫ್ಟ್‌ನಲ್ಲಿ 2020ರಲ್ಲಿ ಬಂದ ಗ್ರೇಟ್ ವಾಲ್ಟ್ ಅನ್ನೇ ನೋಡಿ. ಮೂರು ಸಾಲು, ಸಾಲಿಗೆ ಮೂರು ಖಾಲಿ ಮನೆ. ಒಂದು ಸಾಲು ರೇಡ್‌ಗೆ, ಒಂದು ಡಂಜನ್‌ಗೆ. ಮೂರನೆಯದು ಮೊದಲು ಆಟಗಾರರ ನಡುವಿನ ಕಾಳಗಕ್ಕಿತ್ತು, 2024ರಿಂದ ಹೊರಗಿನ ಜಗತ್ತಿನ ಕೆಲಸಗಳಿಗೆ ಹೋಯಿತು. ಇಷ್ಟಿಷ್ಟು ಮಾಡಿದರೆ ಇಷ್ಟು ಮನೆ ತುಂಬುತ್ತದೆ ಅಂತ ಅಲ್ಲೇ ಬರೆದಿದೆ. ಹೊಸಬರು ಅದನ್ನು ಬಹುಮಾನದ ಪೆಟ್ಟಿಗೆ ಅಂದುಕೊಂಡು 'ಖಾಲಿ ಇದೆ' ಅಂತ ಮುಚ್ಚಿಬಿಡುತ್ತಾರೆ. ನಿಜ ಹೇಳಬೇಕಂದರೆ ಅದು ಪುಸ್ತಕದ ಪರಿವಿಡಿ. ಒಂಬತ್ತು ಮನೆ ತುಂಬಿಸುವ ಹಟ ಬೇಡ. ಯಾವ ಸಾಲು ಯಾವುದಕ್ಕೆ ಅಂತ ಓದಿದರೆ ಆ ಆಟದಲ್ಲಿ ಏನೇನಿದೆ ಅಂತ ತಿಳಿಯಿತು, ಅಷ್ಟು ಸಾಕು.

ಎರಡನೆಯದು ಅಂಗಡಿ. ದೊಡ್ಡ ಊರಿನಲ್ಲಿ ನಿಂತಿರುವ ವ್ಯಾಪಾರಿಗಳನ್ನೆಲ್ಲ ಒಂದು ಸಂಜೆ ಸುಮ್ನೆ ಮಾತಾಡಿಸುತ್ತಾ ಬನ್ನಿ. ಕೊಳ್ಳುವುದು ಬೇಡ, ಬೆಲೆ ನೋಡಿ. ನೀವು ಕಂಡೇ ಇರದ ನಾಣ್ಯದಲ್ಲಿ ಬೆಲೆ ಹಾಕಿದ್ದರೆ ಅಲ್ಲಿ ನಿಲ್ಲಿ. ಆ ನಾಣ್ಯದ ಚಿತ್ರದ ಮೇಲೆ ಕರ್ಸರ್ ಇಟ್ಟರೆ ಅದು ಎಲ್ಲಿ ಸಿಗುತ್ತದೆ ಅಂತ ಹಲವು ಆಟಗಳು ಒಂದು ಸಾಲಿನಲ್ಲಿ ಹೇಳುತ್ತವೆ. ಆ ಸಾಲಿನಲ್ಲಿ ನೀವು ಕೇಳಿರದ ಹೆಸರು ಇದ್ದರೆ, ಬಾಗಿಲು ಸಿಕ್ಕಿತು.

ಫೈನಲ್ ಫ್ಯಾಂಟಸಿ 14 ಆಡುತ್ತಿದ್ದರೆ ಇನ್ನೂ ಸುಲಭದ ಗುರುತು ಇದೆ. ಕೂಡಿಸುವ ಚಿಹ್ನೆ (+) ಇರುವ ನೀಲಿ ಕ್ವೆಸ್ಟ್ ಗುರುತು. ಸಾಮಾನ್ಯ ಕ್ವೆಸ್ಟ್ ಅನುಭವ, ದುಡ್ಡು ಕೊಡುತ್ತದೆ. ನೀಲಿ ಕ್ವೆಸ್ಟ್ ಏನನ್ನೋ ತೆರೆಯುತ್ತದೆ, ಡಂಜನ್ ಆಗಿರಬಹುದು, ರೇಡ್ ಆಗಿರಬಹುದು. ಕಥೆಯ ಹಿಂದೆ ಬಿದ್ದವರು ಅದರ ಪಕ್ಕದಲ್ಲೇ ನೂರು ಸಲ ಓಡಿರುತ್ತಾರೆ, ನಿಂತಿರುವುದಿಲ್ಲ. ನಾನೂ ಹಾಗೇ ಓಡಿದವನು. ಕ್ರಿಸ್ಟಲ್ ಟವರ್ ಎಂಬ 24 ಜನರ ರೇಡ್ ಸರಣಿ ವರ್ಷಗಟ್ಟಲೆ ಹೀಗೆ ಪಕ್ಕದಲ್ಲೇ ಬಿದ್ದಿತ್ತು. ಮುಂದಿನ ಕಥೆಗೆ ಅದು ತೀರಾ ಬೇಕಾದ್ದರಿಂದ 2020ರಲ್ಲಿ ಮುಖ್ಯ ದಾರಿಗೇ ಸೇರಿಸಿಬಿಟ್ಟರು. ಬಹಾಮುತ್ ಕಾಯಿಲ್ ಅನ್ನುವ ಸರಣಿಗೆ ಆ ಭಾಗ್ಯ ಇನ್ನೂ ಬಂದಿಲ್ಲ. ಆ ಜಗತ್ತಿನ ದೊಡ್ಡ ದುರಂತದ ಹಿಂದೆ ಏನು ನಡೆಯಿತು ಅನ್ನುವ ಕಥೆ ಇರುವುದು ಅದರಲ್ಲೇ. ಕಥೆ ಇಷ್ಟ ಅಂತ ಆಡುವವರಲ್ಲೂ ಎಷ್ಟೋ ಜನ ಅದನ್ನು ನೋಡದೆ ಮುಂದೆ ಹೋಗಿರುತ್ತಾರೆ. ಈಗಲೇ ಹೋಗಿ ಮ್ಯಾಪ್‌ನಲ್ಲಿ ಹಳೇ ಊರುಗಳನ್ನು ತೆರೆದು ನೀಲಿ ಗುರುತು ಎಣಿಸಿ. ಎಷ್ಟು ಬಿಟ್ಟು ಬಂದಿದ್ದೀರಿ ಅಂತ ನಿಮಗೇ ನಗು ಬರುತ್ತದೆ.

ಕೆಲವು ಆಟಗಳಲ್ಲಿ ಬಾಗಿಲು ಚೀಲದೊಳಗೇ ಇರುತ್ತದೆ. ಪಾತ್ ಆಫ್ ಎಕ್ಸೈಲ್‌ನಲ್ಲಿ ಹತ್ತು ಅಂಕ ಮುಗಿಸಿದ ಮೇಲಿನ ಆಟವೆಲ್ಲ ಮ್ಯಾಪ್ ಎಂಬ ವಸ್ತುಗಳ ಮೇಲೆ ನಿಂತಿದೆ. ರಾಕ್ಷಸರು ಬೀಳಿಸುವ ಆ ಹಾಳೆಯನ್ನು ಯಂತ್ರಕ್ಕೆ ಹಾಕಿದರೆ ಹೊಸ ಜಾಗ ತೆರೆಯುತ್ತದೆ. ಗೊತ್ತಿಲ್ಲದವನು ಅದನ್ನು ಮಾರಿಬಿಡುತ್ತಾನೆ. ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ 'ಕಾಂಬ್ಯಾಟ್ ಅಚೀವ್‌ಮೆಂಟ್ಸ್' ಅಂತ ಕಾಳಗದ ಸಾಧನೆಗಳ ಪಟ್ಟಿಯೇ ಇದೆ, ಸುಲಭದಿಂದ ಹಿಡಿದು ಗ್ರ್ಯಾಂಡ್‌ಮಾಸ್ಟರ್‌ವರೆಗೆ. ನಿಮಗೆ ಮಾಡಲಾಗದ ಕೆಲಸಗಳ ಪಟ್ಟಿಯನ್ನೂ ಓದಿ, ಅದರಲ್ಲಿ ಬರುವ ಬಾಸ್ ಹೆಸರುಗಳೇ ನಿಮ್ಮ ಮುಂದಿನ ದಾರಿ. ಗಿಲ್ಡ್ ವಾರ್ಸ್ 2 ಇನ್ನೂ ಬೇರೆ. 2012ರಿಂದ ಇವತ್ತಿನವರೆಗೂ ಕೊನೆಯ ಲೆವೆಲ್ 80ರಲ್ಲೇ ಇದೆ. ಅಲ್ಲಿ 80 ಮುಟ್ಟುವುದು ಅಂದರೆ ಶಾಲೆಗೆ ಹೆಸರು ಬರೆಸಿದ ಹಾಗೆ.

ಇಷ್ಟೆಲ್ಲ ಹೇಳಿದ ಮೇಲೂ, ನನಗೆ ಗೊತ್ತಿರುವ ಎಂಡ್‌ಗೇಮ್‌ನಲ್ಲಿ ಮುಕ್ಕಾಲು ಪಾಲು ಮೆನು ನೋಡಿ ತಿಳಿದದ್ದಲ್ಲ. ಜನರನ್ನು ನೋಡಿ, ಜನರನ್ನು ಕೇಳಿ ತಿಳಿದದ್ದು. ರೂನ್‌ಸ್ಕೇಪ್‌ನಲ್ಲಿ ಯಾರದೋ ಬೆನ್ನ ಮೇಲೆ ಉರಿಯುವ ಮೇಲಂಗಿ ಕಂಡು 'ಅದೆಲ್ಲಿ ಸಿಕ್ಕಿತು?' ಅಂತ ಕೇಳಿದವರು ಲೆಕ್ಕವಿಲ್ಲದಷ್ಟು. ಫೈಟ್ ಕೇವ್ಸ್ ಎಂಬ ಜಾಗ ಇದೆ, ಅದರ ಕೊನೆಗೆ ಜಾಡ್ ಎಂಬ ಬಾಸ್ ಇದ್ದಾನೆ ಅಂತ ಗೊತ್ತಾಗುವುದು ಆಗಲೇ. ಆ ಬಟ್ಟೆಯೇ ಜಾಹೀರಾತು. ನಿಮ್ಮ ಆಟದಲ್ಲೂ ಊರ ನಡುವೆ ಹೊಳೆಯುವ ಕುದುರೆ, ವಿಚಿತ್ರ ಬಿರುದು ಇಟ್ಟುಕೊಂಡು ಸುಮ್ನೆ ನಿಂತವರು ಇರುತ್ತಾರಲ್ವಾ? ಅವರು ನಿಂತಿರುವುದೇ ಯಾರಾದರೂ ಕೇಳಲಿ ಅಂತ. ಕೇಳಿ, ಅರ್ಧ ಗಂಟೆ ಬಿಡದೆ ಹೇಳುತ್ತಾರೆ.

ಕೇಳುವುದಕ್ಕೆ ನಾಚಿಕೆ ಆಗುತ್ತದೆ ಅನ್ನುವುದು ನನಗೆ ಗೊತ್ತು. ಅದರ ಬೆಲೆಯನ್ನೂ ತೆತ್ತಿದ್ದೇನೆ. ನನ್ನ ಮೊದಲ ಎಂಟು ಜನರ ಕಾಳಗ. ಶುರುವಾಗುವ ಮುಂಚೆ ಮುಂದಾಳು 'ಹೊಸಬರು ಯಾರಾದರೂ ಇದ್ದೀರಾ?' ಅಂತ ಬರೆದರು. ನಾನು ಗಪ್‌ಚಿಪ್. ಯಾರಿಗೆ ಗೊತ್ತಾಗುತ್ತದೆ ಅಂದುಕೊಂಡೆ. ಎರಡು ನಿಮಿಷದ ಮೇಲೆ ನನ್ನ ತಲೆಯ ಸುತ್ತ ಬಾಣಗಳ ಗುರುತು ಬಂತು. ಏನೋ ಸಿಡಿಯುತ್ತದೆ, ಬೇರೆಯವರು ಬದುಕಲಿ ಅಂತ ನಾನು ಮೂಲೆಗೆ ಓಡಿದೆ. ದೊಡ್ಡ ತ್ಯಾಗಜೀವಿ! ಏಳೂ ಜನ ನನ್ನ ಹಿಂದೆಯೇ ಓಡಿ ಬಂದರು. ನಾನು ಇನ್ನೂ ಜೋರಾಗಿ ಓಡಿದೆ. ಮೊದಲು ಸತ್ತವನು ನಾನು, ಹಿಂದೆಯೇ ಟ್ಯಾಂಕ್ (ಎಲ್ಲರ ಪರವಾಗಿ ಏಟು ತಿನ್ನುವವರು), ಆಮೇಲೆ ಎಲ್ಲರೂ. ಚಾಟ್‌ನಲ್ಲಿ ಒಬ್ಬರು ಬರೀ ಎರಡು ಪ್ರಶ್ನಾರ್ಥಕ ಚಿಹ್ನೆ ಹಾಕಿದರು. ಹೀಲರ್ (ಗಾಯ ವಾಸಿ ಮಾಡುವವರು) ಮಾತ್ರ ನಿಧಾನವಾಗಿ ಬರೆದರು: 'ಬಾಣ ಒಳಗೆ ತೋರಿಸಿದರೆ ಹತ್ತಿರ ಬರಬೇಕು, ಏಟನ್ನು ಹಂಚಿಕೊಳ್ಳಬೇಕು. ಹೊರಗೆ ತೋರಿಸಿದರೆ ದೂರ ಹೋಗಬೇಕು. ಹೊಸಬರು ಅಂತ ಮೊದಲೇ ಹೇಳಬಹುದಿತ್ತಲ್ಲ, ಒಂದು ನಿಮಿಷದ ಕೆಲಸ.' ಅವತ್ತಿನಿಂದ ಎಲ್ಲಿ ಹೋದರೂ ನನ್ನ ಮೊದಲ ಸಾಲು 'ನಾನು ಇಲ್ಲಿಗೆ ಹೊಸಬ' ಅನ್ನುವುದೇ.

ಹಳಬರಿಗೆ ಹೊಸಬರು ಹೊರೆ ಅನ್ನುವ ಭಯವೂ ಬೇಡ. ಹಲವು ಆಟಗಳು ಇದಕ್ಕೆ ಲಂಚ ಕೊಡುತ್ತವೆ. ಫೈನಲ್ ಫ್ಯಾಂಟಸಿ 14ರಲ್ಲಿ ಡ್ಯೂಟಿ ರೂಲೆಟ್ ಅಂತ ಇದೆ. ಹಳಬರನ್ನು ದಿನಕ್ಕೊಮ್ಮೆ ಹಳೇ ಡಂಜನ್‌ಗಳಿಗೆ ಕಳಿಸುವ ಏರ್ಪಾಡು ಅದು. ಗುಂಪಿನಲ್ಲಿ ಆ ಜಾಗವನ್ನು ಮೊದಲ ಸಲ ನೋಡುವವರು ಒಬ್ಬರಿದ್ದರೂ 'ಎಲ್ಲರಿಗೂ ಹೆಚ್ಚಿನ ಬಹುಮಾನ' ಅಂತ ಚಾಟ್‌ನಲ್ಲೇ ಬರುತ್ತದೆ. ಹೊಸಬರ ಹೆಸರಿನ ಪಕ್ಕ ಮೊಳಕೆಯ ಚಿತ್ರವೂ ಇರುತ್ತದೆ. ಡೆಸ್ಟಿನಿಯಲ್ಲಿ ಹೊಸಬರನ್ನು ರೇಡ್‌ಗೆ ಕರೆದುಕೊಂಡು ಹೋಗುವ ಹಳಬರಿಗೆ ಶೆರ್ಪಾ ಅಂತಲೇ ಹೆಸರು. ಬೆಟ್ಟ ಹತ್ತಿಸುವವರು ಅಂತ. ಅವರಲ್ಲಿ ಹಲವರಿಗೆ ಅದೇ ಎಂಡ್‌ಗೇಮ್ ಆಗಿದೆ.

ಚಾಟ್‌ನ ಭಾಷೆ ಕೇಳಿದ್ದೀರಲ್ಲ. ಅದು ಅಷ್ಟೇನೂ ದೊಡ್ಡ ವಿದ್ಯೆಯಲ್ಲ. ಎಲ್‌ಎಫ್‌ಎಂ ಅಂದರೆ ನಮ್ಮ ಗುಂಪಿಗೆ ಇನ್ನೂ ಜನ ಬೇಕು. ಎಲ್‌ಎಫ್‌ಜಿ ಅಂದರೆ ನನಗೆ ಗುಂಪು ಬೇಕು. ಪ್ರೋಗ್ ಅಂದರೆ ಇನ್ನೂ ಗೆದ್ದಿಲ್ಲ, ಕಲಿಯುತ್ತಿದ್ದೇವೆ. ಫಾರ್ಮ್ ಅಂದರೆ ಎಲ್ಲರಿಗೂ ಪಾಠ ಬಾಯಿಪಾಠ, ಲೂಟ್‌ಗಾಗಿ, ಅಂದರೆ ಗೆದ್ದರೆ ಸಿಗುವ ವಸ್ತುಗಳಿಗಾಗಿ, ಮತ್ತೆ ಮತ್ತೆ ಹೊಡೆಯುತ್ತಿದ್ದೇವೆ. ವೈಪ್ ಅಂದರೆ ಎಲ್ಲರೂ ಸತ್ತರು. ನೀವು ಪ್ರೋಗ್, ಪ್ರಾಕ್ಟೀಸ್, ಲರ್ನಿಂಗ್ ಅಂತ ಬರೆದಿರುವ ಗುಂಪುಗಳಿಗೆ ಹೋಗಿ. ಫಾರ್ಮ್ ಗುಂಪಿಗೆ ಗೊತ್ತಿಲ್ಲದೆ ಹೋದರೆ ಬೈಗುಳ ಗ್ಯಾರಂಟಿ, ಅದರಲ್ಲಿ ಅವರದೂ ತಪ್ಪಿಲ್ಲ. ಬೈಗುಳ ತಿಂದ ಹೊಸಬರಲ್ಲಿ ಬಹಳಷ್ಟು ಮಂದಿ ಕೆಟ್ಟವರ ಕೈಗೆ ಸಿಕ್ಕವರಲ್ಲ, ತಪ್ಪು ಬೋರ್ಡ್ ಓದಿ ಒಳಗೆ ಹೋದವರು.

ಗಿಲ್ಡ್ ಸೇರಬೇಕಾ? ಸೇರಿ. ಆದರೆ 'ಎಲ್ಲರಿಗೂ ಸ್ವಾಗತ' ಅಂತ ದಿನಾ ಕೂಗುವ ಐನೂರು ಜನರ ಗಿಲ್ಡ್‌ನಲ್ಲಿ ಯಾರಿಗೂ ಯಾರ ಹೆಸರೂ ಗೊತ್ತಿರುವುದಿಲ್ಲ. ಮೂವತ್ತು ಜನರಿದ್ದು, ವಾರದ ಇಂಥ ದಿನ ಇಂಥ ಹೊತ್ತಿಗೆ ಆಡುತ್ತೇವೆ ಅಂತ ಬರೆದಿರುವ ಗಿಲ್ಡ್ ಮೇಲು. ಕೇಳುವಾಗ 'ಎಂಡ್‌ಗೇಮ್ ಏನು?' ಅಂತ ಕೇಳಬೇಡಿ, ಅದಕ್ಕೆ ಉತ್ತರ ಕೊಡಲು ಯಾರಿಗೂ ಪುರುಸೊತ್ತಿಲ್ಲ. ಹೀಗೆ ಬರೆಯಿರಿ: 'ಕಳೆದ ವಾರ ಕೊನೆಯ ಲೆವೆಲ್ ಮುಟ್ಟಿದೆ. ಹೀಲರ್ ಆಡುತ್ತೇನೆ. ಗೇರ್ (ಆಯುಧ, ಕವಚ) ಇಷ್ಟಿದೆ. ಈ ವಾರ ಮೊದಲು ಯಾವ ಒಂದು ಕೆಲಸ ಮಾಡಲಿ?' ಒಂದೇ ಕೆಲಸ ಕೇಳಿದರೆ ಜನ ಉತ್ತರ ಕೊಡುತ್ತಾರೆ. ಅವರೊಳಗೇ ಜಗಳವೂ ಆಡುತ್ತಾರೆ. ಆ ಜಗಳ ಓದಿ, ಅದರಲ್ಲಿ ಜಾಸ್ತಿ ಕಲಿಯುತ್ತೀರಿ.

ಇನ್ನು ವಿಡಿಯೊ ವಿಷಯ. ನಿಮ್ಮ ಗೆಳೆಯ ಹೇಳಿದ್ದೂ ಸರಿ, ನಿಮ್ಮ ಅನುಮಾನವೂ ಸರಿ. ಕಥೆಯನ್ನು ವಿಡಿಯೊದಲ್ಲಿ ನೋಡಬೇಡಿ. ವಾರ್‌ಫ್ರೇಮ್‌ನಲ್ಲಿ 2015ರಲ್ಲಿ ಬಂದ ಸೆಕೆಂಡ್ ಡ್ರೀಮ್ ಅನ್ನುವ ಕ್ವೆಸ್ಟ್ ಇದೆ. ಅದರಲ್ಲಿ ಏನಾಗುತ್ತದೆ ಅಂತ ಹಳಬರು ಹೊಸಬರಿಗೆ ಬಾಯಿ ಬಿಡುವುದಿಲ್ಲ, ಅದು ಅವರ ನಡುವಿನ ಮರ್ಯಾದೆ. ನಾನೂ ಬಿಡುವುದಿಲ್ಲ. ಕಾಳಗದ ಮಾತು ಬೇರೆ. ಏಳು ಜನರ ಒಂದು ಗಂಟೆ ನಿಮ್ಮ ಕೈಯಲ್ಲಿರುವಾಗ ಏನೂ ನೋಡದೆ ಹೋಗುವುದು ಸರಿಯಲ್ಲ. ನೀವು ಸೇರುವ ಗುಂಪು 'ನಾವು ಬ್ಲೈಂಡ್ ಆಡುತ್ತೇವೆ' ಅಂತ ಬರೆದಿದ್ದರೆ ಮಾತ್ರ ಬರಿಗೈಲಿ ಹೋಗಿ. ಅಂಥ ಗುಂಪು ಸಿಕ್ಕರೆ ಬಿಡಬೇಡಿ. ಹತ್ತನೇ ಸಲ ಸತ್ತ ಮೇಲೆ ಯಾರೋ ಒಬ್ಬರು 'ತಡಿ, ಆ ಕಂಬದ ಹಿಂದೆ ನಿಂತರೆ?' ಅನ್ನುತ್ತಾರಲ್ಲ, ಆ ಸುಖ ಯಾವ ವಿಡಿಯೊದಲ್ಲೂ ಇಲ್ಲ.

ತಾನಾಗಿಯೇ ಎಡವಿ ಬೀಳುವ ಬಾಗಿಲುಗಳೂ ಇವೆ, ಅಪರೂಪಕ್ಕೆ. 2018ರ ಜುಲೈನಲ್ಲಿ ಡೆಸ್ಟಿನಿ 2ರ ಐಯೋ ಎಂಬ ಉಪಗ್ರಹದಲ್ಲಿ ಆಟಗಾರರಿಗೆ ಒಂದು ಪೋರ್ಟಲ್ ಕಂಡಿತು. ಕಂಪನಿ ಏನೂ ಹೇಳಿರಲಿಲ್ಲ. ಒಳಗೆ ಹೋದರೆ ಎಂದೂ ನೋಡಿರದ ಒಂದು ಮಿಷನ್, 20 ನಿಮಿಷದ ಗಡುವು, ಕೊನೆಗೆ ವಿಸ್ಪರ್ ಆಫ್ ದಿ ವರ್ಮ್ ಎಂಬ ಬಂದೂಕು. ಕೆಲವೇ ಗಂಟೆಗಳಲ್ಲಿ ಊರಿಗೆಲ್ಲ ಸುದ್ದಿ ಹಬ್ಬಿತು. ಅಲ್ಲೂ ಹೆಚ್ಚಿನವರು ಒಳಗೆ ಹೋದದ್ದು ಪೋರ್ಟಲ್ ಕಂಡು ಅಲ್ಲ, ಗೆಳೆಯನ ಮೆಸೇಜ್ ಕಂಡು.

ಎಲ್ಲ ಬಾಗಿಲನ್ನೂ ತೆರೆಯಲೇಬೇಕು ಅಂತ ಯಾರೂ ಹೇಳಿಲ್ಲ. ಆಟ ವಿನ್ಯಾಸಕಾರ ರಿಚರ್ಡ್ ಬಾರ್ಟಲ್ 1996ರಲ್ಲೇ ಆಟಗಾರರನ್ನು ನಾಲ್ಕು ಬಗೆಯಾಗಿ ವಿಂಗಡಿಸಿದ್ದರು: ಸಾಧಿಸುವವರು, ಅಲೆಯುವವರು, ಹರಟುವವರು, ಇನ್ನೊಬ್ಬರನ್ನು ಬಡಿಯುವವರು. ಎಲ್ಲರೂ ರೇಡ್ ಅನ್ನುತ್ತಾರೆ ಅಂತ ಅಲೆಯುವ ಸ್ವಭಾವದವರೂ ರೇಡ್‌ಗೆ ಹೋಗಿ ಎರಡು ವಾರಕ್ಕೆ ಆಟ ಬಿಡುತ್ತಾರೆ. ಈ ನಾಲ್ಕು ತಿಂಗಳಲ್ಲಿ ಯಾವ ಹೊತ್ತು ನಿಮಗೆ ಗಡಿಯಾರ ಮರೆತುಹೋಗಿತ್ತು ಅಂತ ನೆನಪಿಸಿಕೊಳ್ಳಿ, ಆ ಕಡೆಯ ಬಾಗಿಲನ್ನು ಮೊದಲು ತಟ್ಟಿ.

ತಡವಾಯಿತಾ ಅಂತ ಕೇಳಿದ್ದೀರಿ. ಇಲ್ಲ. ಹಳಬರ ಗೇರ್ ನೋಡಿ ಹೆದರಬೇಡಿ. ದೊಡ್ಡ ಅಪ್‌ಡೇಟ್ ಬಂದ ಕೂಡಲೇ ಅವರು ತಿಂಗಳುಗಟ್ಟಲೆ ಬೆವರು ಸುರಿಸಿ ಗಳಿಸಿದ ಕತ್ತಿಗಿಂತ ಒಳ್ಳೆಯದು ಸಾದಾ ಕ್ವೆಸ್ಟ್‌ನಲ್ಲೇ ಸಿಗುತ್ತದೆ. ಹೊಸಬರು ಜೊತೆಗೂಡಲಿ ಅಂತಲೇ ಹಾಗೆ ಮಾಡುತ್ತಾರೆ. ಪಾತ್ ಆಫ್ ಎಕ್ಸೈಲ್‌ನಲ್ಲಂತೂ ಸಾಮಾನ್ಯವಾಗಿ ಮೂರು ನಾಲ್ಕು ತಿಂಗಳಿಗೊಮ್ಮೆ ಹೊಸ ಲೀಗ್ ಬರುತ್ತದೆ, ಅದರಲ್ಲಿ ಎಲ್ಲರೂ ಬರಿಗೈಲಿ ಶುರು.

ಒಂದು ಸಣ್ಣ ವಿಷಯ, ಇದನ್ನು ಯಾರೂ ಬರೆದಿಡುವುದಿಲ್ಲ. ನಿಮ್ಮ ಆಟದ ವಾರ ಯಾವ ದಿನ ತಿರುಗುತ್ತದೆ ಅಂತ ನೋಡಿಕೊಳ್ಳಿ. ವಾರ್‌ಕ್ರಾಫ್ಟ್‌ನಲ್ಲಿ ಅಮೆರಿಕದ ಸರ್ವರ್‌ಗಳಿಗೆ ಮಂಗಳವಾರ, ಯುರೋಪಿನವಕ್ಕೆ ಬುಧವಾರ. ರೀಸೆಟ್ ಆದ ದಿನ ಗುಂಪುಗಳು ಜಾಸ್ತಿ, ತಾಳ್ಮೆ ಕಡಿಮೆ. ಎಲ್ಲರಿಗೂ ಬೇಗ ಮುಗಿಸಿ ಲೂಟ್ ಎತ್ತುವ ಆತುರ. ಆಟದ ವಾರದ ಕೊನೆಗೆ, ಅಂದರೆ ಮುಂದಿನ ರೀಸೆಟ್ ಹತ್ತಿರವಾದಾಗ, ಬಂದರೆ ಅವರ ಪಾಲು ಅವರಿಗೆ ಸಿಕ್ಕಿರುತ್ತದೆ, ಸುಮ್ನೆ ಕೂತಿರುತ್ತಾರೆ. ನಾನು ಹೊಸ ಕಾಳಗ ಕಲಿತದ್ದೆಲ್ಲ ರೀಸೆಟ್‌ನ ಹಿಂದಿನ ರಾತ್ರಿಗಳಲ್ಲೇ.